ವಿಮೆಯ ಕಾಗದದಲ್ಲಷ್ಟೇ ಕಾರು ಓಡಿಸಬೇಕಿದ್ದ ನಮ್ಮಜ್ಜಿ

ಇವರಿಗೆ:
ಮಾನ್ಯ ದರ ಹೇಳುವ ಯಂತ್ರದವರು,
ತ್ರೀ ಕೆಟಲ್ಸ್ ಮೋಟಾರು ವಿಮಾ ಕಂಪನಿ, ಪ್ರಧಾನ ಕಚೇರಿ,
(ಯಾವ ಮಹಡಿಯೆಂದು ಎಷ್ಟು ಕೇಳಿದರೂ ಯಾರೂ ಹೇಳಲಿಲ್ಲ).

ಇವರಿಂದ:
ಲೋರಿ ಪ್ರೋಬರ್ಟ್, ಕುಮ್ ಐಥಿನ್, ದಕ್ಷಿಣ ವೇಲ್ಸ್.

ಇದರ ಒಂದು ಪ್ರತಿಯನ್ನು ನಮ್ಮ ಬೀದಿಯ ಮೀನು ಮತ್ತು ಚಿಪ್ಸ್ ಅಂಗಡಿಯ ಕಿಟಕಿಗೆ ಅಂಟಿಸಲಾಗಿದೆ.

ಮಾನ್ಯರೇ,

ತಮಗೂ, ತಮ್ಮನ್ನು ಹಗಲಿರುಳೂ ತಣ್ಣಗಿಟ್ಟಿರುವ ಫ್ಯಾನುಗಳಿಗೂ, ತಮ್ಮ ಪರವಾಗಿ ನನ್ನನ್ನು ಕಾಯಿಸಿ ನನ್ನ ಊಟದ ಬಿಡುವು ಮುಗಿಯುವ ತನಕ ಪಿಯಾನೋ ಕೇಳಿಸಿದ ದೂರವಾಣಿಗೂ ಕುಮ್ ಐಥಿನ್ ಕಣಿವೆಯ ಸಮಸ್ತರ ಪರವಾಗಿ ಅನಂತ ನಮಸ್ಕಾರಗಳು. ಇಲ್ಲಿ ನಾವೆಲ್ಲ ಕ್ಷೇಮ. ಮಳೆ ಎಂದಿನಂತೆ ಅಡ್ಡಡ್ಡ ಬೀಳುತ್ತಿದೆ, ಅಪ್ಪನ ಮಂಡಿನೋವು ಹಾಗೇ ಇದೆ, ಮತ್ತು ಸ್ವಂತ ಕಾರು ಇರುವ ನಾನು ತಮ್ಮ ದಯೆಯಿಂದ ದಿನಾ ಬೆಟ್ಟ ಹತ್ತಿಳಿದು ಕೆಲಸಕ್ಕೆ ನಡೆದುಕೊಂಡು ಹೋಗುತ್ತಿದ್ದೇನೆ.

ಕಂಪನಿಯಲ್ಲಿ ಮನುಷ್ಯರೂ ಇದ್ದಾರೆಂದು ನನಗೆ ಗೊತ್ತು. ಅವರನ್ನು ಬಿಟ್ಟು ನೇರವಾಗಿ ತಮಗೇ ಬರೆಯುತ್ತಿರುವುದಕ್ಕೆ ಕಾರಣವಿದೆ. ಆ ಮನುಷ್ಯರೆಲ್ಲರೂ ನನಗೆ ಬಹಳ ಮರ್ಯಾದೆಯಿಂದ ಒಂದೇ ಮಾತು ಹೇಳಿದ್ದಾರೆ: "ನಮ್ಮ ಕೈಲಿ ಏನೂ ಇಲ್ಲ ಮೇಡಂ, ಸಿಸ್ಟಮ್ ತಗೋತಾ ಇಲ್ಲ." ಯಜಮಾನರು ಒಳಗೆ ಕೂತಿರುವಾಗ ಬಾಗಿಲು ಕಾಯುವವರ ಮುಂದೆ ಗೋಳು ಹೇಳಿಕೊಂಡು ಪ್ರಯೋಜನವೇನು ಎಂದು ಯೋಚಿಸಿ, ಸಿಸ್ಟಮ್ ಎಂಬ ಹೆಸರಿನಿಂದ ಖ್ಯಾತರಾದ ತಮ್ಮ ಸನ್ನಿಧಾನಕ್ಕೇ ಬಂದಿದ್ದೇನೆ. ತಮಗೆ ಓದಲು ಬರುತ್ತದೆಯೋ ಇಲ್ಲವೋ ಎಂಬ ಅನುಮಾನ ನನಗೆ ಸ್ವಲ್ಪವೂ ಇಲ್ಲ. ಕೇಳಿದ್ದು ಬಿಟ್ಟು ಬೇರೇನನ್ನೋ ಓದಿಕೊಳ್ಳುವುದರಲ್ಲಿ ತಾವು ಎಷ್ಟು ಪಳಗಿದ್ದೀರಿ ಎನ್ನುವುದನ್ನು ಕಣ್ಣಾರೆ ಕಂಡಿದ್ದೇನೆ.

ವಿಷಯ ತಮಗೆ ನೆನಪಿರಬಹುದು. ಬರುವ ಶುಕ್ರವಾರ ಮಧ್ಯಾಹ್ನ ನನ್ನ ಪುಟ್ಟ ನೀಲಿ ಕಾರಿನ ವಿಮೆಯನ್ನು ತಾವು ರದ್ದು ಮಾಡುವವರಿದ್ದೀರಿ. "ಮುಖ್ಯ ಚಾಲಕರು ಯಾರೆಂಬ ಬಗ್ಗೆ ತಪ್ಪು ಮಾಹಿತಿ" ಎಂಬುದು ತಾವು ಕೊಟ್ಟಿರುವ ಕಾರಣ. ಹೀಗೆ ಒಮ್ಮೆ ರದ್ದಾದರೆ ಆ ಕಳಂಕ ನನ್ನ ಹೆಸರಿಗೆ ಅಂಟಿಕೊಂಡು, ಮುಂದೆ ಯಾವ ಕಂಪನಿಯೂ ನನ್ನನ್ನು ಹತ್ತಿರ ಸೇರಿಸುವುದಿಲ್ಲವೆಂದೂ, ವಿಮೆಯಿಲ್ಲದ ಕಾರನ್ನು ಬೀದಿಯಲ್ಲಿ ನಿಲ್ಲಿಸಿದರೂ ಪೊಲೀಸರು ಎತ್ತಿಕೊಂಡು ಹೋಗುತ್ತಾರೆಂದೂ ತಮ್ಮವರು ಪಿಯಾನೋದ ನಡುವೆ ತಿಳಿಸಿದರು. ಆ ಕಾರು ಹೋಗಬಾರದು. ಯಾಕೆ ಹೋಗಬಾರದೆಂದು ಹೇಳಲು ಮೊದಲಿನಿಂದ ಶುರುಮಾಡಬೇಕು, ತಮಗೆ ಸಮಯದ ಅಭಾವವಿಲ್ಲವೆಂದು ಭಾವಿಸುತ್ತೇನೆ.

ನಾನು ಬೆಟ್ಟದ ಆಚೆ ಕಣಿವೆಯಲ್ಲಿರುವ ಒಂದು ವೃದ್ಧಾಶ್ರಮದ ಅಡುಗೆಮನೆಯಲ್ಲಿ ಬೆಳಗಿನ ಗಂಜಿ, ಟೋಸ್ಟು, ಮೊಟ್ಟೆಗಳ ಜವಾಬ್ದಾರಿ ಹೊತ್ತವಳು. ಕಾಗೆ ಹಾರಿದರೆ ನಮ್ಮೂರಿಗೂ ಅದಕ್ಕೂ ಏನೇನೂ ದೂರವಿಲ್ಲ. ಬಸ್ಸಾದರೋ ನಮ್ಮ ಕಣಿವೆಯನ್ನು ಕೊನೆಯ ತನಕ ಇಳಿದು, ಪೇಟೆ ಸುತ್ತಿ, ಇನ್ನೊಂದು ಬಸ್ಸಿಗೆ ನಮ್ಮನ್ನು ದಾಟಿಸಿ, ಪಕ್ಕದ ಕಣಿವೆಯನ್ನು ಮೊದಲಿನಿಂದ ಹತ್ತಬೇಕು. ಅಷ್ಟು ಹೊತ್ತಿಗೆ ಅಲ್ಲಿನ ಹಿರಿಯರು ಗಂಜಿಯ ಆಸೆ ಬಿಟ್ಟು ಮಧ್ಯಾಹ್ನದ ಊಟಕ್ಕೆ ಕರವಸ್ತ್ರ ಕಟ್ಟಿಕೊಂಡಿರುತ್ತಾರೆ. ಆದ್ದರಿಂದ ಲೈಸೆನ್ಸ್ ಕೈಗೆ ಬಂದದ್ದೇ ತಡ, ನಮ್ಮೂರ ಕಸಾಯಿಯವರ ಹೆಂಡತಿಯ ಹಳೆಯ ಕಾರನ್ನು ಕೊಂಡೆ. ಇಂದಿಗೂ ಮಳೆಗಾಲದಲ್ಲಿ ಅದರ ಸೀಟಿನಿಂದ ಸಾಸೇಜಿನ ವಾಸನೆ ಬರುತ್ತದೆ, ಮತ್ತು ನಮ್ಮಲ್ಲಿ ಯಾವಾಗಲೂ ಮಳೆಗಾಲ.

ಕಾರು ಕೊಂಡ ದಿನವೇ ತಮ್ಮ ಮುಂದೆ ಕೂತು ನನ್ನ ವಯಸ್ಸು, ಕೆಲಸ, ವಿಳಾಸಗಳನ್ನು ಭಕ್ತಿಯಿಂದ ಅರ್ಪಿಸಿದೆ. ತಾವು ಕ್ಷಣಮಾತ್ರದಲ್ಲಿ ಹೇಳಿದ ದರದ ಸೊನ್ನೆಗಳನ್ನು ಗೌರವದಿಂದ ಎರಡೆರಡು ಸಲ ಎಣಿಸಿದೆ. ಅಷ್ಟು ಹಣದಲ್ಲಿ ಅಂಥದೇ ಇನ್ನೊಂದು ಕಾರನ್ನು ಕೊಂಡು, ಮೊದಲನೆಯದನ್ನು ಗುದ್ದಿಕೊಂಡಾಗ ಬಳಸಲೆಂದು ಹಿತ್ತಲಲ್ಲಿ ಮುಚ್ಚಿಡಬಹುದಿತ್ತು. ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳು ಬೆಳಗ್ಗೆ ಗಂಜಿ ಬೇಯಿಸಲು ಹೋಗುವ ದಾರಿಯಲ್ಲಿ ಏನೆಲ್ಲ ಅನಾಹುತ ಮಾಡಬಲ್ಲಳು ಎಂಬ ತಮ್ಮ ಕಲ್ಪನೆಯ ಮುಂದೆ ಕಾದಂಬರಿಕಾರರೂ ಕೈಕಟ್ಟಿ ನಿಲ್ಲಬೇಕು.

ಅಪ್ಪ ನನ್ನ ಹೆಗಲ ಮೇಲಿಂದ ಇಣುಕಿ ನೋಡಿ, "ಒಬ್ಬಳನ್ನೇ ಹಾಕಿದ್ರೆ ಇನ್ನೇನಾಗುತ್ತೆ? ಜೊತೆಗೆ ಯಾರ್ದಾದ್ರೂ ದೊಡ್ಡೋರ ಹೆಸರು ಸೇರಿಸೇ, ದಬಕ್ ಅಂತ ಇಳಿಯುತ್ತೆ" ಎಂದರು.

ಇದು ನಮ್ಮಲ್ಲಿ ನಡೆದುಬಂದ ಪದ್ಧತಿ, ತಮಗೆ ಹೊಸದೇನಲ್ಲ. ಮಕ್ಕಳಿಗೆ ಲೈಸೆನ್ಸ್ ಬಂದಾಗ ಮನೆಯವರೆಲ್ಲ ಅಡುಗೆಮನೆಯಲ್ಲಿ ಸೇರಿ, ಯಾವ ದೊಡ್ಡಮ್ಮನನ್ನು, ಯಾವ ಸೋದರತ್ತೆಯನ್ನು ಹೆಚ್ಚುವರಿ ಚಾಲಕಿಯೆಂದು ವಿಮೆಗೆ ಸೇರಿಸಬೇಕೆಂದು ಚರ್ಚಿಸುತ್ತಾರೆ. ಮದುವೆಯ ಮಾತುಕತೆಯಲ್ಲೂ ಜನರನ್ನು ಅಷ್ಟು ಅಳೆದು ಸುರಿದು ನೋಡುವುದಿಲ್ಲ. ನಮ್ಮ ಚಾಪೆಲ್ಲಿನ ಪಾದ್ರಿಗಳು ಸೈಕಲ್ಲಿನಲ್ಲೇ ಓಡಾಡುವವರು; ಪ್ರಾರ್ಥನೆಗೆ ಬರುವ ಯಾವ ತಾಯಿ ಕೇಳಿದರೂ ಇಲ್ಲವೆನ್ನಲಾರದೆ, ಅವರೀಗ ಒಟ್ಟು ಎಷ್ಟು ಕಾರುಗಳ ಚಾಲಕರೆಂಬುದು ಅವರಿಗೇ ನೆನಪಿಲ್ಲ. ಹೀಗೆ ಹೆಸರು ಕೊಟ್ಟವರು ಕಾರನ್ನು ಮುಟ್ಟುವುದಿಲ್ಲ ಎಂಬುದು ಕಣಿವೆಗೆಲ್ಲ ಗೊತ್ತಿರುವ ಸಂಗತಿ. ತಮಗೊಬ್ಬರಿಗೇ ಗೊತ್ತಿರಲಿಲ್ಲ, ಅಥವಾ ಗೊತ್ತಿದ್ದೂ ದೊಡ್ಡ ಮನಸ್ಸಿನಿಂದ ಸುಮ್ಮನಿದ್ದಿರಿ.

ಮೊದಲು ಅಪ್ಪನ ಹೆಸರನ್ನೇ ಸೇರಿಸಿದೆ. ದರ ಏರಿತು. ಇಳಿಜಾರಿನ ಕೊನೆಯಲ್ಲಿ ವೇಗ ಹಿಡಿಯಲು ಇಟ್ಟಿರುವ ಕ್ಯಾಮೆರಾಕ್ಕೂ ಅಪ್ಪನಿಗೂ ನಡೆದಿದ್ದ ಒಂದು ಹಳೆಯ ವ್ಯವಹಾರ ಮನೆಯಲ್ಲಿ ಎಲ್ಲರಿಗೂ ಬಯಲಾದದ್ದು ಹೀಗೆ. ಅಮ್ಮ ಒಲೆಯ ಕಡೆಯಿಂದ ತಿರುಗದೆ, "ನಂಗೆ ಹೇಳಿದ್ದು ಆ ದುಡ್ಡು ಪಂಕ್ಚರ್ ಆದ ಟೈರಿಗೆ ಹೋಯ್ತು ಅಂತ ಅಲ್ವಾ?" ಎಂದು ಮಾತ್ರ ಕೇಳಿದಳು. ಆಮೇಲೆ ನನ್ನ ಅಣ್ಣ ಗೆಥಿನ್‌ನ ಹೆಸರನ್ನು ಸೇರಿಸಿದಾಗ ತಾವು ಸ್ವಲ್ಪ ಹೊತ್ತು ಉಸಿರು ಬಿಗಿಹಿಡಿದು, ತರುವಾಯ ತೋರಿಸಿದ ಅಂಕಿಯನ್ನು ಅಪ್ಪ ಯಾರದೋ ಫೋನ್ ನಂಬರ್ ಎಂದುಕೊಂಡರು. ಕೊನೆಗೆ ಅಮ್ಮನೇ, "ಅತ್ತೆ ಹೆಸರು ಹಾಕಿ ನೋಡಿ" ಎಂದಳು.

ಮಾನ್ಯರೇ, ಓಲ್ವೆನ್ ಪ್ರೋಬರ್ಟ್ ಎಂಬ ನಮ್ಮಜ್ಜಿಯ ಹೆಸರನ್ನು ಬರೆದ ಆ ಗಳಿಗೆಯಲ್ಲಿ ತಾವು ಕರಗಿ ನೀರಾದದ್ದನ್ನು ನಾನು ಎಂದಿಗೂ ಮರೆಯುವುದಿಲ್ಲ. ವಯಸ್ಸು ಎಪ್ಪತ್ತೊಂಬತ್ತು, ಮದುವೆಯಾದ ಹೊಸದರಲ್ಲಿ ಪಡೆದ ಲೈಸೆನ್ಸ್, ಆ ಇಡೀ ಕಾಲದಲ್ಲಿ ಒಂದು ಅಪಘಾತವಿಲ್ಲ, ಒಂದು ದಂಡವಿಲ್ಲ. ದರ ಮೆಟ್ಟಿಲು ಮೆಟ್ಟಿಲಾಗಿ ಅಲ್ಲ, ಅಟ್ಟದಿಂದ ಬಿದ್ದಂತೆ ಬಿತ್ತು. ಅಜ್ಜನ ಕಾರು ಮಾರಿದಂದಿನಿಂದ ಅಜ್ಜಿ ಸ್ಟೀರಿಂಗ್ ಮುಟ್ಟಿಯೇ ಇಲ್ಲ, ಆದ್ದರಿಂದಲೇ ಆ ದಾಖಲೆ ಅಷ್ಟು ಸ್ವಚ್ಛ ಎಂಬ ಚಿಲ್ಲರೆ ವಿಷಯ ತಮ್ಮ ಸಂತೋಷಕ್ಕೆ ಅಡ್ಡಬರಲಿಲ್ಲ. ಓಡಿಸದೆ ಇರುವವರೇ ಲೋಕದಲ್ಲಿ ಎಲ್ಲರಿಗಿಂತ ಕ್ಷೇಮವಾದ ಚಾಲಕರು ಎಂಬ ತತ್ತ್ವವನ್ನು ಇಷ್ಟು ಸರಳವಾಗಿ ಬೇರಾರೂ ನಮಗೆ ತೋರಿಸಿಕೊಟ್ಟಿರಲಿಲ್ಲ. ಇದೇ ನ್ಯಾಯದಲ್ಲಿ ಚಾಪೆಲ್ಲಿನ ಹಿಂದಿನ ಸ್ಮಶಾನದಲ್ಲಿ ವಿಶ್ರಮಿಸುತ್ತಿರುವ ನಮ್ಮ ಅಜ್ಜನವರನ್ನೂ ಸೇರಿಸಿಕೊಳ್ಳಬೇಕಾಗಿ ಕೋರುತ್ತೇನೆ. ಅವರಂತೂ ಅಲ್ಲಿಗೆ ಹೋದ ಮೇಲೆ ಯಾರಿಗೂ ಗುದ್ದಿಲ್ಲ.

ಅಜ್ಜಿಯ ಲೈಸೆನ್ಸ್ ಚಾಲ್ತಿಯಲ್ಲೇ ಇತ್ತು. ಎಪ್ಪತ್ತು ದಾಟಿದವರು ಮತ್ತೆ ಮತ್ತೆ ನವೀಕರಿಸಬೇಕಾದ ಆ ಕಾರ್ಡನ್ನು ಅವರು ಒಮ್ಮೆಯೂ ತಪ್ಪಿಸದೆ ನವೀಕರಿಸಿದ್ದರು, ಅದೂ ಅಂಚೆ ಕಚೇರಿಯಲ್ಲಿ ಪಾರ್ಸೆಲ್ ಬಿಡಿಸಿಕೊಳ್ಳುವಾಗ ತೋರಿಸಲು. ನಾನು ಹೋಗಿ ವಿಷಯ ಹೇಳಿದಾಗ ಅವರು ಕಿಟಕಿಯ ಬಳಿಯ ಕುರ್ಚಿಯಲ್ಲಿದ್ದರು. ಅಜ್ಜ ಹೋದ ಮೇಲೆ ಅವರು ಹೆಚ್ಚಾಗಿ ಅಲ್ಲೇ ಇರುತ್ತಿದ್ದದ್ದು.

"ನನ್ನ ಹೆಸರು ಹಾಕಿದ್ರೆ ನಿಂಗೆ ಉಪಯೋಗ ಆಗುತ್ತಾ?" ಎಂದು ಕೇಳಿದರು.

"ತುಂಬಾ ಆಗುತ್ತೆ ಅಜ್ಜಿ."

"ಈ ವಯಸ್ಸಲ್ಲಿ ನನ್ನಿಂದಾನೂ ಒಂದು ಉಪಯೋಗ ಅಂತ ಇದ್ಯಲ್ಲ. ಹಾಕ್ಕೋ ಮಗಳೇ, ಧಾರಾಳವಾಗಿ ಹಾಕ್ಕೋ."

ನಾನು ಕುಣಿಯುತ್ತಾ ಮನೆಗೆ ಬಂದೆ. ಅದಾದ ಕೆಲವೇ ದಿನಗಳಲ್ಲಿ ತಮ್ಮಿಂದ ವಿಮೆಯ ಪ್ರಮಾಣಪತ್ರ ಬಂತು. ಅದರಲ್ಲಿ ನನ್ನ ಹೆಸರಿನ ಕೆಳಗೆ, ಚಾಲನೆಗೆ ಅಧಿಕಾರವುಳ್ಳವರು ಎಂಬ ಸಾಲಿನಲ್ಲಿ, ಅಜ್ಜಿಯ ಹೆಸರು ದಪ್ಪ ಅಕ್ಷರಗಳಲ್ಲಿತ್ತು. ಅದನ್ನು ತೋರಿಸಬಾರದಿತ್ತು. ತೋರಿಸಿದೆ. ಅಜ್ಜಿಯ ಮನೆಯಲ್ಲಿ ಕರೆಂಟಿನ ಬಿಲ್ಲಿನಿಂದ ಹಿಡಿದು ಎಲ್ಲವೂ ಇಂದಿಗೂ ಅಜ್ಜನ ಹೆಸರಿನಲ್ಲೇ ಬರುತ್ತದೆ. ಅವರು ಆ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಮಾರನೆಯ ದಿನ ಬೆಳಗಿನ ಟೀ ಮುಗಿಸಿ, ಚಾಪೆಲ್ಲಿಗೆ ಹೋಗುವ ಕೋಟು ಟೋಪಿ ಧರಿಸಿ, ಕೈಚೀಲ ಹಿಡಿದು ನಮ್ಮ ಮನೆಗೆ ಬಂದು, ಕೀ ಕೊಡು ಎಂದರು.

ಅಪ್ಪ ಮೊದಲು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಅಮ್ಮಾ, ಅದು ಬರೀ ಕಾಗದದ ಮೇಲೆ. ನೀನು ಓಡಿಸ್ಬೇಕು ಅಂತೇನಿಲ್ಲ" ಎಂದರು.

"ಬರೀ ಕಾಗದದ ಮೇಲೆ ಅಂದ್ರೆ ಏನರ್ಥ? ನಾನು ಓಡಿಸ್ತೀನಿ ಅಂತ ಆ ಕಂಪನಿಯವರಿಗೆ ಬರೆದುಕೊಟ್ಟಿದ್ದೀರಾ ಇಲ್ವಾ?"

"ಕೊಟ್ಟಿದ್ದೀವಿ, ಆದ್ರೆ..."

"ನಾನು ಓಡಿಸದೇ ಇದ್ರೆ ಅದು ಸುಳ್ಳಾಗುತ್ತೆ. ನನ್ನ ಹೆಸರಲ್ಲಿ ಸುಳ್ಳು ಬರೆದು ಭಾನುವಾರ ನಾನು ಯಾವ ಮುಖ ಇಟ್ಕೊಂಡು ಹಾಡೋಕೆ ನಿಲ್ಲಲಿ?"

"ಎಲ್ಲರೂ ಹೀಗೇ ಮಾಡ್ತಾರಮ್ಮಾ."

"ಎಲ್ಲರೂ ಮಾಡ್ತಾರೆ ಅಂತ ಸೇಬು ಕದ್ದಾಗಲೂ ಹೇಳಿದ್ದೆ ನೀನು. ಆಗ ನಿಂಗೆ ಏನು ಸಿಕ್ತು ಅಂತ ಜ್ಞಾಪಕ ಇದ್ಯಾ, ಇಲ್ಲ ಮಗಳ ಎದುರಿಗೆ ಹೇಳ್ಲಾ?"

ಅಪ್ಪ ಕೀಯನ್ನು ಮೇಜಿನ ಮೇಲಿಟ್ಟು ಹೊರಗೆ ಹೋದರು. ತಮ್ಮ ವ್ಯವಹಾರವನ್ನು ಟೀಕಿಸುವುದು ನನ್ನ ಉದ್ದೇಶವಲ್ಲ, ಆದರೆ ಇಡೀ ಕಣಿವೆಯಲ್ಲಿ ಸುಳ್ಳಿಗೆ ಹೆಸರು ಎರವಲು ಕೊಡುವವರು ಎಷ್ಟೋ ಜನ ಇರುವಾಗ, ಕೊಟ್ಟ ಹೆಸರನ್ನು ನಿಜ ಮಾಡಲು ಹೊರಡುವ ಒಬ್ಬರೇ ಒಬ್ಬರನ್ನು ನಾನು ಆರಿಸಿದ್ದೆ.

ಅಜ್ಜಿ ಮೊದಲು ಕಣ್ಣು ಪರೀಕ್ಷೆ ಮಾಡಿಸಿ ಹೊಸ ಕನ್ನಡಕ ಹಾಕಿಸಿಕೊಂಡರು. ಆಮೇಲೆ ಚಾಲನೆ ಕಲಿಸುವವರೊಬ್ಬರನ್ನು ಗೊತ್ತುಮಾಡಿಕೊಂಡು ಹಳೆಯದನ್ನೆಲ್ಲ ನೆನಪಿಸಿಕೊಂಡರು. ಕೊನೆಯ ಪಾಠದ ನಂತರ ಆ ಮನುಷ್ಯ ನನ್ನನ್ನು ಪಕ್ಕಕ್ಕೆ ಕರೆದು, "ನಿಮ್ಮಜ್ಜಿ ಹತ್ರ ನೀವು ಕಲೀರಿ" ಎಂದು ಹೇಳಿಹೋದ. ಬೀಳುತ್ತಾರೆ, ಏಳುತ್ತಾರೆ, ಬೇಜಾರಾಗಿ ಬಿಟ್ಟುಬಿಡುತ್ತಾರೆ ಎಂದು ನಾನಿಟ್ಟುಕೊಂಡಿದ್ದ ಆಸೆಗೆ ಕಲ್ಲು ಬಿತ್ತು. ಅವರು ಓಡಿಸುವುದು ಸಿಟ್ಟು ಬರಿಸುವಷ್ಟು ಚೆನ್ನಾಗಿದೆ. ನಿಧಾನ ಹೌದು, ಬೆಟ್ಟದ ರಸ್ತೆಯಲ್ಲಿ ಅವರ ಹಿಂದೆ ಸಿಕ್ಕಿಕೊಂಡ ಲಾರಿಯವರು ಇಂಜಿನ್ ಆರಿಸಿ ಸ್ಯಾಂಡ್‌ವಿಚ್ ತಿನ್ನುತ್ತಾರೆಂಬ ಮಾತಿದೆ. ಆದರೆ ಆ ಇಕ್ಕಟ್ಟಾದ ತಿರುವುಗಳಲ್ಲಿ ಅವರ ಕೈ ಒಮ್ಮೆಯೂ ನಡುಗಿದ್ದನ್ನು ನಾನು ಕಂಡಿಲ್ಲ.

ಮೊದಲ ವಾರ ದಿನ ಬಿಟ್ಟು ದಿನ ಎಂದು ಹಂಚಿಕೊಂಡೆವು. ಆಮೇಲೆ ಬುಧವಾರದ ಪ್ರಾರ್ಥನೆ ಬಂತು. ಬಿಂಗೋ ಆಟ ಬಂತು. ಕಾಲುಗುರು ನೋಡುವ ಡಾಕ್ಟರ ಹತ್ತಿರ ಗೆಳತಿಯರನ್ನು ಕರೆದೊಯ್ಯುವುದು ಬಂತು. ಸಮುದ್ರದ ದಂಡೆಗೆ ಹೋಗಿ, ಕಾರಿನಿಂದ ಇಳಿಯದೆ, ಕಿಟಕಿ ಮುಚ್ಚಿಕೊಂಡು ಐಸ್‌ಕ್ರೀಮ್ ತಿಂದು, ಅಲೆಗಳನ್ನು ಬೈದು ವಾಪಸು ಬರುವುದು ಬಂತು. ನನ್ನ ಸೀಟು ಮುಂದಕ್ಕೆ ಸರಿಯಿತು, ನನ್ನ ಕನ್ನಡಿಗಳು ಬಾಗಿದವು, ನನ್ನ ಹಾಡುಗಳಿದ್ದ ಜಾಗದಲ್ಲಿ ಗಂಡಸರ ಸಮೂಹಗಾನ ಸೇರಿಕೊಂಡಿತು. ಬೆಳಗಿನ ಟೀ ಆಗದೆ ಅಜ್ಜಿ ಚಪ್ಪಲಿಗೂ ಕಾಲು ಹಾಕುವವರಲ್ಲ, ನನ್ನ ಪಾಳಿಯೋ ಅವರ ಟೀಗಿಂತ ಬಹಳ ಮೊದಲು. ಕಾರನ್ನು ನಾನು ಒಯ್ದರೆ ಅದು ಮಧ್ಯಾಹ್ನದ ತನಕ ಅಡುಗೆಮನೆಯ ಹಿಂದೆ ಸುಮ್ಮನೆ ಮಳೆಯಲ್ಲಿ ನೆನೆಯುತ್ತದೆ, ಇಲ್ಲಿ ಮೂವರು ಮುದುಕಿಯರು ಕೋಟು ಹಾಕಿಕೊಂಡು ಕಾಯುತ್ತಾರೆ. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಹೀಗೆ ಬೆಳಗ್ಗೆ ಬೆಟ್ಟದ ಕಾಲುದಾರಿ, ಮಧ್ಯಾಹ್ನ ಅಜ್ಜಿ ಬಂದರೆ ಕಾರು, ಹಿಂದಿನ ಸೀಟು.

ಈ ಕಾಲದಲ್ಲಿ ತಾವು ನನಗೆ ಕಳುಹಿಸುತ್ತಿದ್ದ ಸಂದೇಶಗಳನ್ನು ನಾನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ನನ್ನಂಥ ಎಳೆಯ ಚಾಲಕರ ಮೇಲೆ ಕಣ್ಣಿಡಲು ತಾವು ಕಾರಿನೊಳಗೆ ಕೂರಿಸಿದ ಆ ಕಪ್ಪು ಪೆಟ್ಟಿಗೆ ವೇಗ, ಬ್ರೇಕು, ತಿರುವು ಎಲ್ಲವನ್ನೂ ತಮಗೆ ಚಾಡಿ ಹೇಳುತ್ತಿತ್ತಲ್ಲ. "ಅಭಿನಂದನೆಗಳು ಲೋರಿ! ಈ ವಾರವೂ ನೀವು ಒಮ್ಮೆಯೂ ಜೋರಾಗಿ ಬ್ರೇಕ್ ಹಾಕಿಲ್ಲ" ಎಂಬ ಸಂದೇಶ ಬಂದಾಗ ಲೋರಿ ಬೆಟ್ಟದ ಮೇಲೆ ಗಾಳಿಗೆ ತಿರುಗುಮುರುಗಾದ ಛತ್ರಿಯೊಂದಿಗೆ ಕುಸ್ತಿಯಾಡುತ್ತಿದ್ದಳು. "ಲೋರಿ, ನಿಮ್ಮ ವಯಸ್ಸಿನವರಲ್ಲಿ ನಿಮ್ಮಷ್ಟು ಶಾಂತ ಚಾಲಕರು ಅಪರೂಪ" ಎಂದು ತಾವು ಹೊಗಳಿದಾಗ ಅವಳ ಬೂಟಿನೊಳಗೆ ಕೆಸರು ನೀರು ಪಚಪಚ ಎನ್ನುತ್ತಿತ್ತು. ಶಾಲೆಯಲ್ಲಿ ಕೂಡ ಯಾರೂ ನನ್ನನ್ನು ಇಷ್ಟು ಹೊಗಳಿರಲಿಲ್ಲ. ಅಣ್ಣ ಅವನ್ನು ಓದಿ, "ನಡಕೊಂಡು ಹೋಗೋದ್ರಲ್ಲಿ ನಿನ್ನಂಥ ಡ್ರೈವರ್ ಇಲ್ಲ ಬಿಡೇ" ಎಂದು ಊರಿಗೆಲ್ಲ ಹೇಳಿಕೊಂಡು ಬಂದ.

ಆಮೇಲೆ ತಮಗೆ ಅನುಮಾನ ಹುಟ್ಟಿತು. ಹತ್ತೊಂಬತ್ತರ ಹುಡುಗಿ ಶನಿವಾರ ಸಂಜೆ ಎಲ್ಲಿಗೂ ಹೋಗುವುದಿಲ್ಲ, ಭಾನುವಾರ ಎರಡು ಬಾರಿ ಚಾಪೆಲ್ಲಿನ ಮುಂದೆ ನಿಲ್ಲುತ್ತಾಳೆ, ಪದೇ ಪದೇ ಕಾಲುಗುರಿನ ಡಾಕ್ಟರ ಬಾಗಿಲಿಗೆ ಹೋಗುತ್ತಾಳೆ. ಇಂಥ ಉಗುರು ಯಾರಿಗಿದೆ? ತಮ್ಮ ಸೂಕ್ಷ್ಮ ಬುದ್ಧಿಗೆ ಇದು ಹೊಳೆದದ್ದು ಆಶ್ಚರ್ಯವಲ್ಲ. ವಿಚಾರಣೆಗೆಂದು ತಮ್ಮ ಕಚೇರಿಯ ಪಿಂಚ್‌ಬೆಕ್ ಎಂಬ ಮಹನೀಯರು ಫೋನ್ ಮಾಡಿದರು. ನಾನು ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟದ್ದು ಈ ಇಡೀ ವ್ಯವಹಾರದಲ್ಲಿ ನನ್ನ ಎರಡನೆಯ ಪೆದ್ದತನ.

"ಕಾರನ್ನ ಹೆಚ್ಚಾಗಿ ಓಡಿಸೋದು ಯಾರು ಮೇಡಂ?" ಎಂದು ಅವರು ಕೇಳಿದರು.

ನಾನು, ಇಬ್ಬರೂ, ಒಂದು ರೀತಿಯಲ್ಲಿ ನೋಡಿದರೆ, ಎಂದೇನೋ ತಡವರಿಸುತ್ತಿದ್ದೆ. ಅಷ್ಟರಲ್ಲಿ ಮೇಜಿನ ಆ ಕಡೆ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ ಅಜ್ಜಿ, "ನಾನೇ ಕಣಪ್ಪಾ. ಈ ಹುಡುಗಿಗೆ ಕಾರೆಲ್ಲಿ ಸಿಗುತ್ತೆ, ಪಾಪ" ಎಂದರು.

"ಅಂದ್ರೆ ಮುಖ್ಯ ಚಾಲಕರು ನೀವು?"

"ಮುಖ್ಯ ಅಂತ ನನ್ನ ಬಾಯಲ್ಲಿ ನಾನು ಹೇಳ್ಕೊಳ್ಳೋದು ಚೆನ್ನಾಗಿರಲ್ಲ. ನೀವಾಗಿ ಅಂದ್ರೆ ಬೇಡ ಅನ್ನಲ್ಲ."

ಆ ಕಡೆಯಿಂದ ಕೆಮ್ಮು ಕೇಳಿಸಿತು. ಅಜ್ಜಿ, ನಿಮ್ಮದು ಊಟ ಆಯಿತೇ, ಮದುವೆ ಆಗಿದೆಯೇ, ಇಷ್ಟೊಂದು ಕೆಮ್ಮುತ್ತೀರಲ್ಲ ಎಂದು ವಿಚಾರಿಸಿಕೊಂಡರು. ಪಿಂಚ್‌ಬೆಕ್ ಮಹನೀಯರು ಎಲ್ಲದಕ್ಕೂ ಉತ್ತರ ಕೊಟ್ಟು, ಕೊನೆಗೆ ಬಹಳ ಬೇಸರದ ಧ್ವನಿಯಲ್ಲಿ, ಹಾಗಾದರೆ ವಿಮೆ ರದ್ದಾಗುತ್ತದೆ ಎಂದರು.

ತಪ್ಪು ನನ್ನದೇ ಎಂದು ಒಪ್ಪಿ, ಅದನ್ನು ಸರಿಪಡಿಸಲು ಅಂದೇ ತಮ್ಮ ಮುಂದೆ ಮತ್ತೆ ಕೂತೆ. ಈ ಬಾರಿ ಸತ್ಯವನ್ನೇ ಬರೆದೆ: ಮುಖ್ಯ ಚಾಲಕಿ ಓಲ್ವೆನ್ ಪ್ರೋಬರ್ಟ್, ಹೆಚ್ಚುವರಿ ಚಾಲಕಿ ಮೊಮ್ಮಗಳು ಲೋರಿ. ತಾವು ಕೆಂಪಾದಿರಿ. "ಈ ವಿವರಗಳನ್ನು ಸ್ವೀಕರಿಸಲಾಗುವುದಿಲ್ಲ" ಎಂದಿರಿ. ಮತ್ತೆ ಪಿಂಚ್‌ಬೆಕ್ ಅವರನ್ನೇ ಹಿಡಿದು ಕೇಳಿದರೆ, ಅವರು ತಗ್ಗಿದ ದನಿಯಲ್ಲಿ, "ಅಜ್ಜೀನ ಮುಂದಿಟ್ಕೊಂಡು ಮೊಮ್ಮಗಳು ಓಡಿಸೋದು, ನಾವು ದಿನಾ ಹಿಡಿಯೋ ಮೋಸ ಇದೇ ನೋಡಿ ಮೇಡಂ. ನೀವು ನಿಜಾನೇ ಹೇಳ್ತಿರಬಹುದು. ಆದ್ರೆ ನೋಡೋಕೆ ಥೇಟ್ ಮೋಸದ ಥರಾನೇ ಇದೆ" ಎಂದರು.

ಮಾನ್ಯರೇ, ಇಲ್ಲಿ ನಾನು ತಮಗೆ ಎದ್ದುನಿಂತು ಕೈಮುಗಿಯಬೇಕು. ಸುಳ್ಳು ಬರೆದಾಗ ಹಸಿರು ಬಣ್ಣದ ಗುರುತು ತೋರಿಸಿ ದರ ಇಳಿಸಿದಿರಿ. ಆ ಸುಳ್ಳನ್ನು ಅಜ್ಜಿ ಕಷ್ಟಪಟ್ಟು ನಿಜ ಮಾಡಿದಾಗ ರದ್ದತಿಯ ಪತ್ರ ಕಳುಹಿಸಿದಿರಿ. ನಿಜವನ್ನೇ ಬರೆದಾಗ ಮೋಸ ಎಂದಿರಿ. ದೊಡ್ಡ ದೊಡ್ಡ ನ್ಯಾಯಾಧೀಶರಿಗೂ ಇಷ್ಟು ದೂರ ಬರಲು ಸಾಧ್ಯವಾಗಿಲ್ಲ. ಇಂಥ ತಮ್ಮ ಪಾದಗಳಲ್ಲಿ (ಪಾದಗಳಿದ್ದರೆ) ನನ್ನ ಕೆಲವು ಕೋರಿಕೆಗಳಿವೆ. ತಾವೇ ಖುದ್ದಾಗಿ ಒಂದು ದಿನ ನಮ್ಮೂರಿಗೆ ಬಂದು ಹಿಂದಿನ ಸೀಟಿನಲ್ಲಿ, ನನ್ನ ಮತ್ತು ಕೇಕಿನ ಡಬ್ಬಿಯ ನಡುವೆ ಕೂತು, ಯಾರು ಓಡಿಸುತ್ತಾರೆಂದು ನೋಡಬೇಕು. ಅದು ಆಗದಿದ್ದರೆ ನನ್ನನ್ನು ರಾತ್ರೋರಾತ್ರಿ ಎಪ್ಪತ್ತು ದಾಟಿದವಳನ್ನಾಗಿ ಮಾಡಿಕೊಡಬೇಕು. ಮಂಡಿನೋವನ್ನು ಅಪ್ಪನಿಂದ ತಾತ್ಕಾಲಿಕವಾಗಿ ಪಡೆದುಕೊಳ್ಳಲು ಸಿದ್ಧಳಿದ್ದೇನೆ. ಅದೂ ಆಗದಿದ್ದರೆ ತಮ್ಮನ್ನೇ ಹೆಚ್ಚುವರಿ ಚಾಲಕರೆಂದು ಸೇರಿಸಲು ಅಪ್ಪಣೆ ಕೊಡಬೇಕು. ತಾವು ಕುಡಿಯುವುದಿಲ್ಲ, ನಿದ್ದೆ ಮಾಡುವುದಿಲ್ಲ, ಜಾಗ ಬಿಟ್ಟು ಕದಲುವುದಿಲ್ಲ, ಹೀಗಾಗಿ ತಮಗೆ ತಾವೇ ಕೊಡುವ ರಿಯಾಯಿತಿ ಎಷ್ಟಿರಬಹುದೆಂದು ನೆನೆದರೆ ಮೈ ಜುಮ್ಮೆನ್ನುತ್ತದೆ.

ಇಷ್ಟು ಹೊತ್ತು ತಮಾಷೆ ಮಾಡಿದೆ. ಈಗ ಕಾರು ಯಾಕೆ ಹೋಗಬಾರದೆಂದು ಹೇಳುತ್ತೇನೆ.

ನೆಸ್ಟಾ ಬೇನನ್ ಎಂಬವರು ಅಜ್ಜಿಯ ಪಕ್ಕದ ಮನೆಯವರು, ಅಜ್ಜಿಗಿಂತ ಎರಡು ವರ್ಷ ದೊಡ್ಡವರು. ಅವರ ಗಂಡ ಎಮ್ಲಿನ್ ನಾನು ಗಂಜಿ ಬೇಯಿಸುವ ಆ ವೃದ್ಧಾಶ್ರಮದಲ್ಲೇ ಇದ್ದಾರೆ. ಅವರಿಗೆ ಮರೆವು. ಕಳೆದ ಚಳಿಗಾಲದ ತನಕ ನೆಸ್ಟಾ ಎರಡು ಬಸ್ಸು ಹಿಡಿದು ತಿಂಗಳಿಗೊಮ್ಮೆ ಬಂದರೆ ಹೆಚ್ಚಾಗಿತ್ತು. ಬಂದಾಗಲೆಲ್ಲ ಎಮ್ಲಿನ್ ಅವರನ್ನು ಹೊಸದಾಗಿ ಪರಿಚಯ ಮಾಡಿಕೊಂಡು, ಬಹಳ ದೂರದಿಂದ ಬಂದಿರಾ ಎಂದು ಕೇಳುತ್ತಿದ್ದರು. ನೆಸ್ಟಾ ಹೌದು ಎನ್ನುತ್ತಿದ್ದರು. ಅಜ್ಜಿ ಕಾರು ಹಿಡಿದ ಮೇಲೆ ಅವರು ದಿನ ಬಿಟ್ಟು ದಿನ ಬರುತ್ತಾರೆ. ಮೊನ್ನೆ ನಾನು ಟ್ರೇ ತೆಗೆಯಲು ಹೋದಾಗ ಎಮ್ಲಿನ್ ಕಿಟಕಿಯಿಂದ ನಮ್ಮ ನೀಲಿ ಕಾರು ನೋಡಿ, "ನಮ್ಮೋಳು ಬಂದ್ಲು, ಇನ್ನೊಂದು ಕಪ್ ಇಡಮ್ಮ" ಎಂದರು. ನೆಸ್ಟಾ ಅವರ ಹೆಸರು ಅವರಿಗೆ ಇನ್ನೂ ನೆನಪಿಲ್ಲ. ಆದರೆ ಯಾರೋ ತನ್ನವರು ಬರುತ್ತಾರೆ ಎಂಬುದು ನೆನಪಿದೆ. ನಾನು ಅಡುಗೆಮನೆಗೆ ಹೋಗಿ ಕಪ್ಪು ತರುವ ನೆಪದಲ್ಲಿ ಸ್ವಲ್ಪ ಹೊತ್ತು ಅತ್ತೆ.

ಅಜ್ಜಿಯೂ ಕಿಟಕಿಯ ಬಳಿ ಕೂರುವುದನ್ನು ಬಿಟ್ಟಿದ್ದಾರೆ. ಮಾತು ಜೋರಾಗಿದೆ, ಹಟ ಜಾಸ್ತಿಯಾಗಿದೆ, ಪೆಟ್ರೋಲ್ ಬಂಕಿನವನನ್ನು ಹೆಸರು ಹಿಡಿದು ಬೈಯುತ್ತಾರೆ. ನನ್ನ ಕಾರು ಹೋಯಿತೆಂದು ನಾನು ಸಿಟ್ಟುಮಾಡಿಕೊಂಡದ್ದು ನಿಜ, ಈಗಲೂ ಒದ್ದೆ ಸಾಕ್ಸ್ ಹಿಂಡುವಾಗ ಮಾಡಿಕೊಳ್ಳುತ್ತೇನೆ. ಆದರೆ ನಮ್ಮಜ್ಜಿ ನನಗೆ ವಾಪಸು ಸಿಕ್ಕಿದ್ದಾರೆ ಮಾನ್ಯರೇ, ಮತ್ತು ಅವರನ್ನು ಮತ್ತೆ ಆ ಕುರ್ಚಿಗೆ ಕಳುಹಿಸಲು ನಾನು ಸಿದ್ಧಳಿಲ್ಲ.

ಎಲ್ಲ ಬಗೆಯಲ್ಲೂ ತಿರುಗಿಸಿ ನೋಡಿದ ಮೇಲೆ ನನಗೆ ಅರ್ಥವಾದದ್ದು ಇಷ್ಟು: ಈ ವಿಮೆಯಲ್ಲಿ ತಮಗೆ ಮೋಸದಂತೆ ಕಾಣುತ್ತಿರುವುದು ನಾನೊಬ್ಬಳೇ. ನನ್ನನ್ನು ತೆಗೆದರೆ ಉಳಿಯುವುದೆಲ್ಲ ಸತ್ಯ. ಆದ್ದರಿಂದ ತಾವು ಶುಕ್ರವಾರ ರದ್ದು ಮಾಡುವ ಶ್ರಮ ತೆಗೆದುಕೊಳ್ಳುವ ಮೊದಲೇ, ನಾನಾಗಿಯೇ ಈ ವಿಮೆಯನ್ನು ಇಂದು ಬಿಟ್ಟುಕೊಡುತ್ತಿದ್ದೇನೆ. ಕಾರನ್ನು ಅಜ್ಜಿಯ ಹೆಸರಿಗೆ ಬರೆದುಕೊಟ್ಟಾಗಿದೆ. ಬದಲಿಗೆ ಅವರು ಟೀಯಲ್ಲಿ ಒಣದ್ರಾಕ್ಷಿ ನೆನೆಸಿ ಮಾಡುವ ಬ್ರೆಡ್ಡನ್ನು ಇಡಿಯಾಗಿ ಒಂದು ಕೊಟ್ಟಿದ್ದಾರೆ, ಮೇಲೆ ಬೆಣ್ಣೆಯಿಲ್ಲದೆ. ಹೊಸ ವಿಮೆ ಅವರೊಬ್ಬರ ಹೆಸರಿನಲ್ಲಿ ಇರುತ್ತದೆ. ನಾನು ಬಸ್ಸೂ ಒದಗದ, ಕಾರೂ ಸಿಗದ ಹೊತ್ತಿನಲ್ಲಿ ನಡೆದು ಬೆಟ್ಟ ದಾಟುವವಳಾಗಿಯೇ ಮುಂದುವರಿಯುತ್ತೇನೆ. ನನ್ನ ಶಾಂತ ಚಾಲನೆಯ ಬಗ್ಗೆ ಅಭಿನಂದನೆ ಕಳುಹಿಸುವುದನ್ನು ಮಾತ್ರ ದಯವಿಟ್ಟು ನಿಲ್ಲಿಸಬೇಡಿ, ಅಭ್ಯಾಸವಾಗಿಹೋಗಿದೆ.

ತಮ್ಮ ಫ್ಯಾನುಗಳು ಸದಾ ತಿರುಗುತ್ತಿರಲಿ, ತಮಗೆ ಯಾರೂ ಎಂದಿಗೂ ಸತ್ಯ ಹೇಳದಿರಲಿ ಎಂದು ಹಾರೈಸುವ,

ತಮ್ಮ ವಿಶ್ವಾಸಿ,
ಲೋರಿ ಪ್ರೋಬರ್ಟ್
(ಮಾಜಿ ಮುಖ್ಯ ಚಾಲಕಿ)

ಮರೆತ ಮಾತು: ಈ ಪತ್ರವನ್ನು ಅಂಚೆಗೆ ಹಾಕುವ ಮೊದಲು ಅಜ್ಜಿ ನನ್ನ ಲ್ಯಾಪ್‌ಟಾಪಿನ ಮುಂದೆ ಕೂತು ತಮ್ಮಿಂದಲೇ ಹೊಸ ವಿಮೆ ಪಡೆದರು. ತಾವು ಕಣ್ಣು ಮಿಟುಕಿಸುವುದರೊಳಗೆ ಒಪ್ಪಿದ್ದೂ ಅಲ್ಲದೆ, "ದರ ಇನ್ನೂ ಇಳಿಸಲು ಹೆಚ್ಚುವರಿ ಚಾಲಕರನ್ನು ಸೇರಿಸುವಿರಾ?" ಎಂದು ವಿನಯದಿಂದ ಕೇಳಿದಿರಿ. ಅಜ್ಜಿ ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ನಿನ್ನನ್ನ ಹಾಕಿದ್ರೆ ಏರುತ್ತೆ ಕಣೇ, ಬೇಜಾರ್ ಮಾಡ್ಕೋಬೇಡ" ಎಂದು ಹೇಳಿ ನೆಸ್ಟಾ ಬೇನನ್ ಅವರ ಹೆಸರನ್ನು ಬರೆದರು. ದರ ಇನ್ನೊಂದಿಷ್ಟು ಬಿತ್ತು. ನೆಸ್ಟಾ ಅವರ ಲೈಸೆನ್ಸೂ ಚಾಲ್ತಿಯಲ್ಲೇ ಇದೆ, ಆದರೆ ಅವರು ಕೊನೆಯ ಬಾರಿ ಓಡಿಸಿದ್ದು ಬ್ರೆಡ್ಡಿನ ವ್ಯಾನು, ಅದೂ ಅವರ ಮದುವೆಗೆ ಮೊದಲು. ಅವರೂ ಚಾಪೆಲ್ಲಿಗೆ ಹೋಗುವವರು, ಸ್ವಂತ ಹೆಸರಿನಲ್ಲಿ ಸುಳ್ಳು ಇರಲು ಬಿಡುವವರಲ್ಲ. ಸುದ್ದಿ ಕೇಳಿದ ಕೂಡಲೇ ಹೋಗಿ ಚರ್ಮದ ಕೈಗವಸು ಕೊಂಡಿದ್ದಾರೆ. ಮಂಗಳವಾರ ಎಮ್ಲಿನ್ ಅವರನ್ನು ನೋಡಲು ನೆಸ್ಟಾ ಅವರೇ ಓಡಿಸಿಕೊಂಡು ಹೋಗುತ್ತಾರಂತೆ. ಬೆಟ್ಟದ ಆ ರಸ್ತೆಯಲ್ಲಿ ತಾವು ವಿಮೆ ಮಾಡಿರುವ ಬೇರೆ ಕಾರುಗಳೇನಾದರೂ ಇದ್ದರೆ, ಅಂದು ಮನೆಯಲ್ಲೇ ಇರುವಂತೆ ತಾವೇ ಅವುಗಳಿಗೆ ತಿಳಿಸಬೇಕಾಗಿ ವಿನಂತಿ.